ಕುಂಟ ಹೇಸರಗತ್ತೆಯ ನಡಿಗೆ

ಜನವರಿ 11, 2025, ಶನಿವಾರ

ಈ ಡೈರಿ ಕ್ರಿಸ್‌ಮಸ್‌ಗೆ ನೋರೀನ್ ಕೊಟ್ಟದ್ದು. "ಒಬ್ಬೊಬ್ಬನೇ ಗೊಣಗ್ತಿರ್ತೀಯಲ್ಲ ಮಾರಾಯ, ಅದನ್ನೆಲ್ಲ ಇದರೊಳಗೆ ಗೊಣಗು. ನನ್ನ ಕಿವಿಗಾದ್ರೂ ರಜೆ ಸಿಗ್ಲಿ" ಅಂದಳು. ಹೆಂಡತಿಯ ಮಾತು ಸುಳ್ಳಲ್ಲ. ಮೂವತ್ನಾಲ್ಕು ವರ್ಷ ಹೇಗರ್ಸ್‌ಟೌನ್ ಸುತ್ತಮುತ್ತಲ ಮನೆಗಳ ನೆಲಮಾಳಿಗೆಗೆ ಇಳಿದು ಮನೆ ಬೆಚ್ಚಗಿಡೋ ಫರ್ನೇಸ್ ರಿಪೇರಿ ಮಾಡಿದವನು ನಾನು. ಅಲ್ಲಿ ಮಾತಾಡೋಕೆ ಯಾರಿರುತ್ತಾರೆ? ಗೊಣಗೋದೇ ಅಭ್ಯಾಸವಾಗಿದೆ. ಆದರೂ ಹತ್ತು ದಿನ ಹಾಳೆ ಖಾಲಿ ಬಿಟ್ಟಿದ್ದೆ. ಇವತ್ತು ಬರೆಯೋಕೆ ವಿಷಯ ಬಂತು, ಯಾರಿಗೂ ಬೇಡವಾಗಿದ್ದ ವಿಷಯ.

ಡೆಲ್‌ಗೆ ಗಂಟಲಲ್ಲಿ ಕ್ಯಾನ್ಸರ್. ಫೆಬ್ರವರಿ ಇಪ್ಪತ್ತಕ್ಕೆ ಬಾಲ್ಟಿಮೋರಿನಲ್ಲಿ ಆಪರೇಷನ್. ಧ್ವನಿಪೆಟ್ಟಿಗೆಯನ್ನೇ ತೆಗೀತಾರಂತೆ.

ಡೆಲ್ ಅಂದರೆ ಡೆಲ್ಬರ್ಟ್ ಪಾಫನ್‌ಬರ್ಗರ್, ನೋರೀನಳ ತಮ್ಮ. ನನಗೆ ಭಾಮೈದ ಆಗೋದಕ್ಕೂ ಮೊದಲೇ ಸ್ಕೂಲಿನ ಗೆಳೆಯ. ಕೌಂಟಿಯ ಹಿಮ ಗುಡಿಸೋ ಲಾರಿ ಓಡಿಸಿ ರಿಟೈರಾದವನು. ಬೆಳಗ್ಗೆ ನಮ್ಮ ಅಡುಗೆಮನೆಯಲ್ಲಿ ಕೂತು ಹುರಿದ ಹಂದಿಮಾಂಸದ ಸ್ಕ್ರಾಪಲ್ ತಿನ್ನುತ್ತಾ, ಉಪ್ಪು ಕಮ್ಮಿ ಅನ್ನೋ ದನಿಯಲ್ಲೇ ಈ ಸುದ್ದಿ ಹೇಳಿದ. "ಭಾವ, ಇನ್ನು ಆರು ವಾರ ಟೈಮಿದೆ. ನನ್ನ ಕೈಲಿ ಬೈಸ್ಕೊಳ್ಳೋದು ಏನಾದ್ರೂ ಬಾಕಿ ಇದ್ರೆ ಬೇಗ ಬೈಸ್ಕೊಂಡ್ಬಿಡು" ಅಂದ. ನೋರೀನ್ ಒಲೆ ಆರಿಸಿ ಕಿಟಕಿ ಕಡೆ ತಿರುಗಿ ನಿಂತಳು. ಬೈಸ್ಕೊಳ್ಳೋದು ಒಂದು ಬಾಕಿ ಇದೆ, ಮೂವತ್ತೊಂಬತ್ತು ವರ್ಷದಿಂದ.

ಹೊರಡುವಾಗ ಇನ್ನೊಂದು ಮಾತು ಹೇಳಿದ. ರಿಚ್ಮಂಡಿನ ಒಂದು ಪುಟ್ಟ ಕಂಪನಿಯವರು ಡೆಲ್‌ನ ಹಳೇ ಬ್ಯಾಂಡಿನ ಮೊದಲ ರೆಕಾರ್ಡನ್ನು ಮತ್ತೆ ಹೊರತರುತ್ತಾರಂತೆ. ಮೂಲ ಟೇಪು ನನ್ನ ಹತ್ತಿರ ಇದೆ. "ಕತ್ತಿಗೆ ಗಂಟಲು ಕೊಡೋ ಮುಂಚೆ ಆ ಟೇಪು ಒಂದ್ಸಲ ಕೇಳ್ಬೇಕು ಭಾವ. ರೆಕಾರ್ಡಲ್ಲ, ಟೇಪು." ಆಗಲಿ ಅಂದೆ. ಇನ್ನೇನು ಅನ್ನಲಿ?

ಜನವರಿ 14, ಮಂಗಳವಾರ

ಟೇಪು ಸಿಕ್ಕಿತು. ಎರಡು ಸುರುಳಿ, ಸೇಬಿನ ಪೆಟ್ಟಿಗೆಯ ತಳದಲ್ಲಿ, ಹಳೆಯ ಥರ್ಮೋಸ್ಟಾಟುಗಳ ಕೆಳಗೆ. ಬೆರಳಿಟ್ಟರೆ ಜಿಗುಟು. ಆ ಕಾಲದ ಟೇಪುಗಳಿಗೆ ಇದೊಂದು ರೋಗ, ಒಳಗಿನ ಅಂಟು ಗಾಳಿಯ ತೇವ ಕುಡಿದು ಪಾಕದ ಹಾಗಾಗುತ್ತೆ. ಹಾಗೇ ಮೆಷಿನ್ನಿಗೆ ಹಾಕಿದರೆ ಹಾಡು ಪುಡಿಪುಡಿಯಾಗಿ ಉದುರುತ್ತೆ. ಎಂಟು ಗಂಟೆ ಹದವಾದ ಬಿಸಿಯಲ್ಲಿ ಒಣಗಿಸಬೇಕು. ಆಮೇಲೆ ಕೆಲವು ವಾರ ಆರೋಗ್ಯವಾಗಿರುತ್ತೆ, ಅಷ್ಟರಲ್ಲಿ ನಕಲು ಮಾಡಿಕೊಂಡರೆ ಸರಿ.

ಪೆಟ್ಟಿಗೆಯಲ್ಲಿ ರೆಕಾರ್ಡಿನ ಒಂದು ಪ್ರತಿಯೂ ಇತ್ತು. ಬ್ಯಾಂಡಿನ ಹೆಸರು 'ಲೇಮ್ ಮ್ಯೂಲ್', ಕುಂಟ ಹೇಸರಗತ್ತೆ. ರೆಕಾರ್ಡಿನ ಹೆಸರು 'ವಿಂಟರ್ ಕೀಪರ್ಸ್'. ಕೀಳುವಾಗ ಕಲ್ಲಿನ ಹಾಗಿದ್ದು, ಉಗ್ರಾಣದ ಚಳಿಯಲ್ಲಿ ಕೂತು ಫೆಬ್ರವರಿ ಹೊತ್ತಿಗೆ ಸಿಹಿಯಾಗೋ ಸೇಬಿಗೆ ನಮ್ಮ ಕಡೆ ಹಾಗನ್ನುತ್ತಾರೆ. ಎಂಬತ್ತಾರರ ಫೆಬ್ರವರಿಯಲ್ಲಿ ಸ್ಮಿತ್ಸ್‌ಬರ್ಗಿನಲ್ಲಿ ನನ್ನ ಚಿಕ್ಕಪ್ಪನ ಸೇಬಿನ ಉಗ್ರಾಣದಲ್ಲಿ, ಎರಡು ದಿನದಲ್ಲಿ ಮುಗಿದ ಕೆಲಸ. ಡೆಲ್ ಗಿಟಾರು ಮತ್ತು ಹಾಡು, ಹೋಮರ್ ಬೇಸ್ ಗಿಟಾರು, ರೂಡಿ ಡ್ರಮ್ಮು. ಹೋಮರ್ ಈಗಿಲ್ಲ. ರೂಡಿ ಫ್ಲೋರಿಡಾದಲ್ಲಿ ಮೀನು ಹಿಡಿಯುತ್ತಾನೆ. ನಾನು ಬ್ಯಾಂಡಿನವನಲ್ಲ, ಟೇಪಿನ ಬಟನ್ ಒತ್ತಿದವನು. ಕವರಿನ ಮೇಲೆ ನನ್ನ ಹೆಸರಿಲ್ಲ. ಹಾಕ್ತೀವಿ ಅಂದಿದ್ದರು, ನಾನೇ ಬೇಡ ಅಂದೆ.

ಆಗ ಉಳಿದ ಮೆಟಲ್ ಬ್ಯಾಂಡುಗಳೆಲ್ಲ ಬಾಲಕ್ಕೆ ಬೆಂಕಿ ಬಿದ್ದವರ ಹಾಗೆ ಓಡುತ್ತಿದ್ದವು. ಇವರು ಮೂವರು ಮಾತ್ರ ಸಾವಿನ ಮನೆಗೆ ಹೊರಟವರ ನಡಿಗೆ. ಅದನ್ನು ಡೂಮ್ ಅನ್ನುತ್ತಾರೆ ಅಂತ ನಮಗೆ ಎಷ್ಟೋ ವರ್ಷದ ಮೇಲೆ ಬೇರೆಯವರು ಹೇಳಿ ಗೊತ್ತಾಯಿತು. ಐನೂರು ಪ್ರತಿ ಒತ್ತಿಸಿದರು. ಫ್ರೆಡರಿಕ್‌ನ ರೆಕಾರ್ಡಂಗಡಿಯವ ಕೇಳಿ ನಕ್ಕ: "ಸ್ಪೀಡು ತಪ್ಪು ಹಾಕ್ಬಿಟ್ನೇನೋ ಅಂದ್ಕೊಂಡೆ ಕಣ್ರಪ್ಪಾ." ಅವನ ಬಾಯಲ್ಲಿ ಸರಸ್ವತಿ ಕೂತಿದ್ದಳು ಅಂತ ನನಗೊಬ್ಬನಿಗೇ ಗೊತ್ತಿತ್ತು.

ಎರಡು ಡಜನ್ನೂ ಖರ್ಚಾಗಲಿಲ್ಲ. ಆದರೆ ಯಾರೋ ಕ್ಯಾಸೆಟ್ಟಿಗೆ ಇಳಿಸಿದರು, ಅದರಿಂದ ಇನ್ಯಾರೋ ಇಳಿಸಿದರು, ಹಾಗೇ ಹಾಡು ಫಿನ್ಲೆಂಡಿಗೆ ಹೋಯಿತು, ಬ್ರೆಜಿಲ್ಲಿಗೆ ಹೋಯಿತು. ಹನ್ನೆರಡು ವರ್ಷದ ಹಿಂದೆ ಫಿನ್ಲೆಂಡಿನಿಂದ ಇಬ್ಬರು ಬಂದು ಉಗ್ರಾಣದ ಗೋಡೆಗೆ ಅಳತೆ ಟೇಪು ಹಿಡಿದು ಉದ್ದಗಲ ಬರೆದುಕೊಂಡು ಹೋದರು. ಆ ಸದ್ದು ಚಳಿ ಹಿಡಿದಿಡೋಕೆ ಗೋಡೆಗೆ ಹಚ್ಚಿದ ಬೆಂಡಿನಿಂದ ಬಂತು ಅಂತ ಅವರ ನಂಬಿಕೆ.

ಇವತ್ತು ಸೂಜಿ ಇಟ್ಟು ಕೇಳಿದೆ. ಎರಡನೇ ಹಾಡಿಗೆ ಮುಂಚೆ ಡೆಲ್ ಕೆಮ್ಮೋದು, ರೂಡಿಯ ಪೆಡಲಿನ ಕಿರುಗುಟ್ಟು, ಕೊನೇ ಹಾಡಲ್ಲಿ ತಂತಿ ಕಡಿದರೂ ನಿಲ್ಲಿಸದೆ ಐದೇ ತಂತಿಯಲ್ಲಿ ಮುಗಿಸಿದ್ದು. ಒಂದನ್ನೂ ಒರೆಸಿಲ್ಲ, ತೇಪೆ ಹಚ್ಚಿಲ್ಲ. ಇಪ್ಪತ್ಮೂರು ವರ್ಷದ ಲಾರಿ ಡ್ರೈವರನೊಬ್ಬ ನೂರು ವರ್ಷ ಬದುಕಿದವನ ಹಾಗೆ ಹಾಡುತ್ತಾನೆ. ನನಗೆ ಇವತ್ತೂ ಮೈ ಜುಮ್ಮೆನ್ನುತ್ತೆ.

ಜನವರಿ 25, ಶನಿವಾರ

ಕಂಪನಿಯ ಹುಡುಗಿ ಬಂದಿದ್ದಳು. ಹೆಸರು ಯೆಸೇನಿಯಾ ಪೋರ್ಟಿಯೊ. ಹುಟ್ಟಿ ಬೆಳೆದದ್ದು ಸಿಲ್ವರ್ ಸ್ಪ್ರಿಂಗ್, ಅಪ್ಪ ಅಮ್ಮ ಎಲ್ ಸಾಲ್ವಡಾರಿನವರು. ಅವಳಿಗೂ ಒಂದು ಬ್ಯಾಂಡಿದೆ. ಅಮ್ಮ ಕಳಿಸಿದ ಪುಪೂಸಾ ತಂದಿದ್ದಳು, ಒಳಗೆ ಚೀಸ್ ತುಂಬಿದ ಜೋಳದ ರೊಟ್ಟಿ. ನೋರೀನ್ ಒಂದು ತಿಂದು, ಇನ್ನೊಂದು ತಿಂದು, ಮೂರನೇದಕ್ಕೆ ಹೇಗೆ ಮಾಡೋದು ಅಂತ ಬರೆದುಕೊಂಡಳು.

ಉಗ್ರಾಣ ನೋಡಬೇಕು ಅಂದಳು, ಕರೆದುಕೊಂಡು ಹೋದೆ. ಬಾಗಿಲಲ್ಲಿ ಟೋಪಿ ತೆಗೆದಳು. ಚರ್ಚಿಗೆ ಹೋದರೂ ಈ ಕಾಲದವರು ತೆಗೆಯೋದಿಲ್ಲ. ಗೋಡೆ ಸವರುತ್ತಾ ಹೇಳಿದಳು, "ಹದಿನಾಲ್ಕನೇ ವಯಸ್ಸಿಗೆ ಅಣ್ಣನ ಹಳೇ ಗಿಟಾರ್ ಕೈಗೆ ಬಂತು ಸರ್. ಶ್ರುತಿ ಮಾಡೋಕೆ ಬರ್ತಿರ್ಲಿಲ್ಲ. ಡೆಲ್ ಅವರ ಮೊದಲ್ನೇ ಹಾಡು ಹಾಕಿ, ಅದಕ್ಕೆ ಸರಿಯಾಗಿ ತಂತಿ ಸಡಿಲ ಮಾಡ್ಕೊಂಡೆ. ಎಲ್ಲರ ಶ್ರುತಿಗಿಂತ ಕೆಳಗೆ, ಎಲ್ಲೂ ಸೇರದ ಜಾಗ ಅದು. ಇವತ್ತಿಗೂ ನಮ್ಮ ಬ್ಯಾಂಡಿಗೆ ಅದೇ ಶ್ರುತಿ. ಅದಕ್ಕೆ ನಾವು 'ಡೆಲ್' ಅಂತಲೇ ಹೆಸರಿಟ್ಟಿದ್ದೀವಿ. ಡೆಲ್‌ಗೆ ಇಳಿಸು ಅಂತೀವಿ."

ನಾನು ಬಾಗಿಲು ಹಾಕೋಕೆ ಬೀಗ ಹುಡುಕಿದೆ.

ಹೊರಗೆ ಬಂದಾಗ ಸರಿಯಾಗಿ ಹನ್ನೆರಡು. ಅಗ್ನಿಶಾಮಕದವರ ಮಧ್ಯಾಹ್ನದ ಸೈರನ್ ಕೂಗಿತು. ಅದು ರೆಕಾರ್ಡಿನಲ್ಲೂ ಇದೆ, ಮೂರನೇ ಹಾಡಿನ ಕೊನೆಯಲ್ಲಿ ದೂರದಿಂದ ಕೇಳುತ್ತೆ. ಹುಡುಗಿ ನಿಂತಲ್ಲೇ ನಿಂತಳು, ತಲೆ ಓರೆ ಮಾಡಿದಳು.

"ರೆಕಾರ್ಡಲ್ಲಿ ಇದು ಇನ್ನೂ ಕೆಳಗಿದೆಯಲ್ಲ ಸರ್? ಸೈರನ್ ಬದಲಾಯ್ಸಿದ್ದಾರಾ?"

"ಹೂಂ, ಹೊಸದು ಹಾಕಿದ್ದಾರೆ" ಅಂದೆ. ಕಣ್ಣು ಮಿಟುಕಿಸದೆ ಹೇಳಿದೆ. ಆಮೇಲೆ ದಾರಿಯುದ್ದಕ್ಕೂ ಸೈರನ್ ಬಗ್ಗೆಯೇ ಮಾತಾಡುತ್ತಾ ಹೋದೆ, ಅವಳು ಕೇಳದಿದ್ದರೂ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನೋದು ನನಗೇ ಮಾಡಿದ ಗಾದೆ.

ಜನವರಿ 26, ಭಾನುವಾರ

ಈ ಡೈರಿಯನ್ನು ನೋರೀನ್ ಓದೋದಿಲ್ಲ, ಹಾಗಂತ ಆಣೆ ಮಾಡಿದ್ದಾಳೆ. ಬರೆದುಬಿಡುತ್ತೇನೆ.

ಆ ಫೆಬ್ರವರಿಯಲ್ಲಿ ಉಗ್ರಾಣಕ್ಕೆ ಕರೆಂಟು ಇರಲಿಲ್ಲ, ಚಿಕ್ಕಪ್ಪ ಸೀಸನ್ ಮುಗಿದಮೇಲೆ ತೆಗೆಸಿಬಿಡುತ್ತಿದ್ದ. ನಾನು ತೋಟದ ಜನರೇಟರ್ ತಂದು ಹೊರಗಿಟ್ಟೆ. ಮೂರು ಆಂಪ್ಲಿಫೈಯರ್, ಒಂದು ಹೀಟರ್, ನನ್ನ ಟೇಪ್ ಮೆಷಿನ್ನು, ಎಲ್ಲ ಅದರ ತಲೆಯ ಮೇಲೆ. ಬಲ್ಬುಗಳು ಮಂಕಾದವು. ನಾನು ಜಾಣ, ಹೋಗಿ ಜನರೇಟರಿನ ಕಿವಿ ಹಿಂಡಿದೆ. ಇಂಜಿನ್ ಜೋರಾಗಿ ತಿರುಗಿತು, ಬಲ್ಬು ಫಳಫಳ ಅಂತು, ಹುಡುಗರು ಚಪ್ಪಾಳೆ ತಟ್ಟಿದರು.

ಆದರೆ ನನ್ನ ಆ ಹಳೇ ಮೆಷಿನ್ನಿನ ಮೋಟಾರು ಕರೆಂಟಿನ ತಾಳಕ್ಕೆ ತಕ್ಕಂತೆ ತಿರುಗೋ ಜಾತಿಯದು. ಜನರೇಟರ್ ಓಡಿದರೆ ಅದೂ ಓಡುತ್ತೆ. ಎರಡು ದಿನವೂ ಟೇಪು ಇರಬೇಕಾದ್ದಕ್ಕಿಂತ ಬೇಗ ಓಡಿತು. ಬೇಗ ಓಡುವಾಗ ಹಿಡಿದ ಸದ್ದನ್ನು ಮನೆಯ ಕರೆಂಟಿನಲ್ಲಿ ಸರಿಯಾದ ವೇಗಕ್ಕೆ ಬಿಟ್ಟರೆ ಏನಾಗುತ್ತೆ? ಎಲ್ಲ ನಿಧಾನ, ಎಲ್ಲ ಕೆಳಗೆ. ಗಿಟಾರು ನೆಲಕ್ಕಿಳಿಯಿತು. ಡೆಲ್‌ನ ದನಿ ಬಾವಿಯೊಳಗಿನಿಂದ ಬಂತು.

ಮೂರನೇ ದಿನ ಮನೆಯಲ್ಲಿ ಹಾಕಿ ಕೇಳಿದ ಕೂಡಲೇ ನನಗೆ ಗೊತ್ತಾಯಿತು. ಹೇಳಬೇಕು ಅಂತ ಬಾಯಿ ತೆರೆದೆ, ಅಷ್ಟರಲ್ಲಿ ಮೂವರೂ ಒಳಗೆ ಬಂದರು. ಡೆಲ್ ನಿಂತೇ ಕೇಳಿದ. ಅವನ ಮುಖ ಹಾಗೆ ಅರಳಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. "ಇದು ನಾವಾ?" ಅಂತ ಕೇಳಿದ. ಹೋಮರ್ ಪಂಡಿತನ ಹಾಗೆ ತಲೆಯಾಡಿಸಿ, "ಚಳಿಗೆ ತಂತಿ ಸಡಿಲ ಆಗಿದೆ ಕಣೋ" ಅಂದ. ಚಳಿಗೆ ತಂತಿ ಬಿಗಿಯಾಗುತ್ತೆ. ನಾನು ತೆರೆದ ಬಾಯಿ ಮುಚ್ಚಿದೆ.

ಅಲ್ಲಿಂದ ಶುರು. ರೆಕಾರ್ಡಿನ ಹಾಗೆ ಕೇಳಬೇಕಲ್ಲ ಅಂತ ಡೆಲ್ ತಂತಿ ಇಳಿಸಿದ, ಆಮೇಲೆ ದನಿ ಇಳಿಸಿದ. ಅವನ ದನಿ ಇರೋದೇ ಮೇಲೆ. ಗದ್ದ ಎದೆಗೆ ಒತ್ತಿ, ಗಂಟಲು ಕುಕ್ಕಿ, ಮೂವತ್ತೊಂಬತ್ತು ವರ್ಷ ನನ್ನ ಜನರೇಟರಿನ ದನಿಯನ್ನು ಅನುಕರಣೆ ಮಾಡಿಕೊಂಡು ಬಂದ. ಪ್ರತಿ ಶೋ ಆದಮೇಲೆ ಎರಡು ದಿನ ಮಾತು ಹೊರಡುತ್ತಿರಲಿಲ್ಲ. ಈಗ ಆ ಗಂಟಲಲ್ಲೇ ಹುಣ್ಣು.

ಬಿಸಿ ತುಪ್ಪ. ನುಂಗೋ ಹಾಗೂ ಇಲ್ಲ, ಉಗುಳೋ ಹಾಗೂ ಇಲ್ಲ.

ಫೆಬ್ರವರಿ 2, ಭಾನುವಾರ

ಹೇಳಬೇಕು ಅಂತ ಡೆಲ್ ಮನೆಗೆ ಹೋದೆ. ಹೇಳಲಿಲ್ಲ. ಅವನ ವಾಟರ್ ಹೀಟರ್ ಬಿಚ್ಚಿ ರಿಪೇರಿ ಮಾಡಿ ಬಂದೆ. ಅದು ಕೆಟ್ಟಿರಲೇ ಇಲ್ಲ.

ಫೆಬ್ರವರಿ 8, ಶನಿವಾರ

ಟೇಪು ಒಣಗಿಸಿದೆ. ಅದಕ್ಕೆ ನೋರೀನಳ ಜಿಂಕೆಮಾಂಸ ಒಣಗಿಸೋ ಪೆಟ್ಟಿಗೆಗಿಂತ ಒಳ್ಳೆ ಸಾಧನ ಇಲ್ಲ, ಬಿಸಿ ಹದವಾಗಿ ಒಂದೇ ಸಮನೆ ಬರುತ್ತೆ.

"ನನ್ನ ಜರ್ಕಿ ಪೆಟ್ಟಿಗೇಲಿ ನನ್ನ ತಮ್ಮನ್ನ ಬೇಯಿಸ್ತಿದೀಯ?"

"ಬೇಯಿಸ್ತಿಲ್ಲ, ಒಣಗಿಸ್ತಿದೀನಿ."

"ಮೆಣಸಿನ ಪುಡಿ ಹಾಕು. ಮೊದಲೇ ಸಪ್ಪೆ ಮನುಷ್ಯ" ಅಂದಳು. ಅಂದವಳು ಕುರ್ಚಿ ಎಳೆದುಕೊಂಡು ಪೆಟ್ಟಿಗೆಯ ಎದುರಿಗೇ ಕೂತಳು. ಗಂಟೆಗೊಮ್ಮೆ ಸುರುಳಿ ತಿರುಗಿಸಿ ಇಡೋದು ಅವಳೇ ಮಾಡಿದಳು, ನನ್ನನ್ನು ಮುಟ್ಟಗೊಡಲಿಲ್ಲ. ಮಧ್ಯೆ ಒಂದು ಸಲ, ಆಪರೇಷನ್ ಆದಮೇಲೆ ಫೋನಿನಲ್ಲಿ ಅವನು ಅಂತ ಹೇಗೆ ಗೊತ್ತಾಗೋದು ಅಂತ ಕೇಳಿದಳು.

ಫೆಬ್ರವರಿ 9, ಭಾನುವಾರ

ನೋರೀನ್ ಚರ್ಚಿಗೆ ಹೋದಾಗ ಮೆಷಿನ್ನಿಗೆ ಹಾಕಿದೆ. ಉದುರಲಿಲ್ಲ, ಅಂಟಲಿಲ್ಲ, ಬೆಣ್ಣೆಯ ಹಾಗೆ ಓಡಿತು. ಮೊದಲು ನಿಧಾನದಲ್ಲಿ, ಲೋಕಕ್ಕೆಲ್ಲ ಗೊತ್ತಿರೋ ಹಾಗೆ. ಯೆಸೇನಿಯಾ ಕೊಟ್ಟ ಯಂತ್ರಕ್ಕೆ ನಕಲು ಇಳಿಸಿದೆ.

ಆಮೇಲೆ ಮೋಟಾರಿನ ವೇಗ ಏರಿಸೋ ಒಂದು ಪೆಟ್ಟಿಗೆ ಹೊರತೆಗೆದೆ, ಎಷ್ಟೋ ವರ್ಷದ ಹಿಂದೆ ಮಾಡಿ ಒಂದು ಸಲವೂ ಹಾಕದೆ ಬಿಟ್ಟಿದ್ದೆ. ಅದನ್ನು ಸೇರಿಸಿ, ಗುಂಡಿ ತಿರುಗಿಸಿದೆ. ಸೈರನ್ ತನ್ನ ಸರಿಯಾದ ದನಿಗೆ ಬಂದು ಕೂತ ಮೇಲೆ ನಿಲ್ಲಿಸಿದೆ.

ಒಬ್ಬ ಹುಡುಗ ಹಾಡುತ್ತಿದ್ದ. ಅದಕ್ಕಿಂತ ಜಾಸ್ತಿ ಇವತ್ತು ಬರೆಯೋಕಾಗೋದಿಲ್ಲ.

ಫೆಬ್ರವರಿ 12, ಬುಧವಾರ

ಯೆಸೇನಿಯಾ ಫೋನ್ ಮಾಡಿದ್ದಳು. "ಸರ್, ಅಗ್ನಿಶಾಮಕದವರ ಹತ್ರ ಮಾತಾಡಿದೆ. ಅರವತ್ತೊಂದರಿಂದ ಅದೇ ಸೈರನ್ ಅಂತೆ."

ನಾನು ಕುರ್ಚಿ ಎಳೆದುಕೊಂಡು ಕೂತೆ.

"ನಾನೇನೂ ಕೇಳ್ತಿಲ್ಲ ಸರ್. ಕಂಪನೀಲೂ ಹೇಳಿಲ್ಲ. ನನಗೆ ಆ ಶ್ರುತಿ ಸುಳ್ಳಾಗೋದಿಲ್ಲ, ನನ್ನ ಬೆರಳೆಲ್ಲ ಅದರಲ್ಲೇ ಬೆಳೆದಿದೆ. ಆದ್ರೆ ಡೆಲ್ ಅವರಿಗೆ ಗೊತ್ತಿಲ್ಲ ಅಂದ್ರೆ, ಇಪ್ಪತ್ತನೇ ತಾರೀಕಿನ ಮುಂಚೆ ಗೊತ್ತಾಗ್ಲಿ ಅಲ್ವಾ? ಆಮೇಲೆ ಅವರಿಗೆ ಬೈಯ್ಯೋಕೂ ಆಗಲ್ಲ."

ಮೊಮ್ಮಗಳ ವಯಸ್ಸಿನವಳ ಹತ್ತಿರ ಬುದ್ಧಿ ಹೇಳಿಸಿಕೊಂಡೆ. ಶನಿವಾರ ಟೇಪು ಕೇಳೋಕೆ ಬಾ ಅಂತ ಡೆಲ್‌ಗೆ ಹೇಳಿದ್ದೇನೆ.

ಫೆಬ್ರವರಿ 15, ಶನಿವಾರ

ಹೇಳಿದೆ.

ಬೆಳಗ್ಗೆ ಹತ್ತಕ್ಕೆ ಬಂದ. ನೆಲಮಾಳಿಗೆಯ ಹಳೇ ಸೋಫಾದಲ್ಲಿ ಕೂರಿಸಿದೆ. ಮೊದಲು ನಿಧಾನದಲ್ಲಿ ಹಾಕಿದೆ. ಕಣ್ಣು ಮುಚ್ಚಿ ತೊಡೆಯ ಮೇಲೆ ಬೆರಳಾಡಿಸುತ್ತಾ ಕೇಳಿದ. ಹೋಮರನ ಬೇಸು ಬಂದಾಗ "ಕಳ್ಳ ನನ್ಮಗ, ಇಲ್ಲಿ ತಪ್ಪಿದಾನೆ ನೋಡು" ಅಂತ ನಕ್ಕ. ಟೇಪಿನಲ್ಲಿ ಎಲ್ಲ ಇನ್ನೂ ಹತ್ತಿರ, ಉಗ್ರಾಣದ ಬಾಗಿಲು ತೆಗೆದು ಒಳಗೆ ಹೋದ ಹಾಗೆ. ಅಷ್ಟಕ್ಕೇ ನಿಲ್ಲಿಸಿಬಿಡೋಣ ಅನ್ನಿಸಿತು. ಅವನು ಅಷ್ಟು ಸುಖವಾಗಿದ್ದ.

"ಡೆಲ್, ಇನ್ನೊಂದು ಇದೆ" ಅಂದೆ. ಗುಂಡಿ ತಿರುಗಿಸಿದೆ.

ಮೊದಲಿನ ಎರಡು ಸಾಲು ಅವನಿಗೆ ಯಾರು ಅಂತಲೇ ತಿಳಿಯಲಿಲ್ಲ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಒಗೆಯೋ ಬಟ್ಟೆಯ ಬುಟ್ಟಿ ಹಿಡಿದು ಇಳಿಯುತ್ತಿದ್ದ ನೋರೀನ್ ಹಾಗೇ ನಿಂತಳು.

"ಡೆಲ್ ಅಲ್ವಾ ಇದು? ಅಮ್ಮ ಪಾಟ್‌ಪೈ ಮಾಡ್ತಿದ್ರೆ ಮೇಜಿನ ಮೇಲೆ ಕೂತು ಹಾಡ್ತಿದ್ದ ಡೆಲ್." ಬುಟ್ಟಿ ಮೆಟ್ಟಿಲ ಮೇಲಿಟ್ಟು ಅಲ್ಲೇ ಕೂತಳು.

ಜನರೇಟರು, ಕಿವಿ ಹಿಂಡಿದ್ದು, ಮೋಟಾರು, ಹೋಮರನ ತಂತಿ ಪಾಂಡಿತ್ಯ, ನಾನು ಬಾಯಿ ಮುಚ್ಚಿಕೊಂಡಿದ್ದು, ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಗಂಟಲು ಕುಕ್ಕಿ ಹಾಡಿ ಹಾಡಿ ನಿನಗೆ ಹೀಗಾಯಿತೇನೋ, ಅದಕ್ಕೂ ನಾನೇ ಕಾರಣವೇನೋ ಅಂತಲೂ ಹೇಳಿದೆ. ಡೆಲ್ ನನ್ನನ್ನೇ ನೋಡುತ್ತಿದ್ದ. ಅವನು ಕೂಗಾಡಿದ್ದರೆ ಎಷ್ಟೋ ವಾಸಿ ಇತ್ತು.

"ನಾನು ಹಾಡಿದ್ದೇ ಅಲ್ಲ ಅಂತಾಯ್ತು" ಅಂದ. ಕೋಟು ಹಾಕಿಕೊಂಡ. "ಮೂವತ್ತೊಂಬತ್ತು ವರ್ಷ ಭಾವ. ಕ್ರಿಸ್‌ಮಸ್ ಊಟಕ್ಕೆ ಒಂದೇ ಟೇಬಲ್ಲಲ್ಲಿ ಕೂತಿದ್ವಿ."

ಹೊರಟುಹೋದ. ನೋರೀನ್ ಬುಟ್ಟಿ ಅಲ್ಲೇ ಬಿಟ್ಟು ಮೇಲೆ ಹೋದಳು.

ಫೆಬ್ರವರಿ 17, ಸೋಮವಾರ

ಡೆಲ್ ಫೋನ್ ಎತ್ತುತ್ತಿಲ್ಲ. ನೋರೀನ್ ಮಾಡಿದರೂ ಎತ್ತುತ್ತಿಲ್ಲ. ಮಾಡಿದ್ದುಣ್ಣೋ ಮಹಾರಾಯ.

ಇನ್ನು ಮೂರು ದಿನ. ಅವನ ದನಿಯಲ್ಲಿ ನಾನು ಕೇಳಿದ ಕೊನೇ ಮಾತು ಊಟದ ಟೇಬಲ್ಲಿನದೇ ಆಗಿ ಉಳಿಯುತ್ತೇನೋ.

ಫೆಬ್ರವರಿ 19, ಬುಧವಾರ

ಬೆಳಗ್ಗೆ ಹನ್ನೊಂದಕ್ಕೆ ಮನೆ ಮುಂದೆ ಹಾರ್ನ್. ಡೆಲ್‌ನ ಪಿಕಪ್. ಕಿಟಕಿ ಇಳಿಸಿ, "ಹತ್ತು" ಅಂದ. ಹತ್ತಿದೆ. ಸ್ಮಿತ್ಸ್‌ಬರ್ಗಿಗೆ ಹನ್ನೆರಡು ಮೈಲಿ, ಹಿಮ ಗುಡಿಸೋ ಲಾರಿಯ ಸ್ಪೀಡಿನಲ್ಲೇ ಓಡಿಸಿದ. ಹಿಂದಿದ್ದ ಕಾರಿನವರೆಲ್ಲ ಹಾರ್ನ್ ಹೊಡೆದರು.

ಉಗ್ರಾಣದೊಳಗೆ ನಮ್ಮ ಉಸಿರು ಕಾಣುತ್ತಿತ್ತು. ತಿರುವಿ ಹಾಕಿದ ಎರಡು ಪೆಟ್ಟಿಗೆಯ ಮೇಲೆ ಕೂತೆವು. ಜೇಬಿನಿಂದ ಎರಡು ಯಾರ್ಕ್ ಸೇಬು ತೆಗೆದು ಒಂದು ನನಗೆ ಕೊಟ್ಟ.

"ಎರಡು ದಿನ ಸಿಟ್ಟಲ್ಲಿದ್ದೆ" ಅಂದ. "ನಿನ್ನೆ ರೆಕಾರ್ಡ್ ಹಾಕ್ದೆ. ಬೈಯ್ಯೋಣ ಅಂತಲೇ ಹಾಕ್ದೆ. ಐದು ನಿಮಿಷಕ್ಕೆ ಬೈಯ್ಯೋದು ಮರ್ತೋಯ್ತು ಭಾವ. ನಾನು ಕೇಳಿದ್ದು ಡೆಲ್‌ನ್ನ ಅಲ್ಲ, ಆ ಹಾಡನ್ನ. ಆ ಬೇಗ ಓಡೋ ಹುಡುಗ ಇದಾನಲ್ಲ, ಚೆನ್ನಾಗೇ ಹಾಡ್ತಾನೆ, ಪಾಪ. ಆದ್ರೆ ಅವನ ರೆಕಾರ್ಡ್ ನಾನು ಕೊಳ್ಳಲ್ಲ."

"ನಿನ್ನ ಗಂಟಲು..."

"ದಿನಕ್ಕೆರಡು ಪ್ಯಾಕ್ ಸೇದಿದ್ದು ನಿನ್ನ ಜನರೇಟರಲ್ಲ, ನಾನು. ಡಾಕ್ಟರ್ ಹತ್ರ ಕೇಳ್ದೆ. ಕೆಳಗೆ ಹಾಡಿದ್ರೆ ಕ್ಯಾನ್ಸರ್ ಬರತ್ತಾ ಅಂತ. ಆತ ನನ್ನನ್ನ ಹುಚ್ಚನ ಹಾಗೆ ನೋಡ್ದ. ಎಲ್ಲಾದ್ರಲ್ಲೂ ನಿನ್ನ ಹೆಸರೇ ಇರ್ಬೇಕು ಅಂದ್ರೆ ಹೇಗೆ ಮಾರಾಯ, ಕ್ಯಾನ್ಸರಾದ್ರೂ ನನಗೆ ಬಿಡು."

ನಾನು ಅತ್ತೆ. ಅರವತ್ತನಾಲ್ಕು ವರ್ಷದವನು ಬಾಯಿ ತುಂಬ ಸೇಬಿಟ್ಟುಕೊಂಡು ಅತ್ತರೆ ಚೆಂದ ಕಾಣೋದಿಲ್ಲ. ಅವನು ನೋಡದವನ ಹಾಗೆ ಗೋಡೆಯ ಬೆಂಡು ನೋಡುತ್ತಾ ಕೂತಿದ್ದ.

"ಹೇಳ್ಲಿಲ್ಲವಲ್ಲ ಅನ್ನೋದಕ್ಕೆ ಸಿಟ್ಟಿದೆ" ಅಂದ ಆಮೇಲೆ. "ಅದು ಇರತ್ತೆ. ಸ್ವಲ್ಪ ದಿನ ಇಟ್ಕೋತೀನಿ."

"ಇಟ್ಕೋ" ಅಂದೆ.

ಮೂರನೇ ಹಾಡನ್ನು ಹಾಡಿದ, ಗಿಟಾರಿಲ್ಲದೆ. ತಗ್ಗಿನಲ್ಲಿ ಅಲ್ಲ, ಅವನದೇ ಜಾಗದಲ್ಲಿ. ದನಿ ಹರಿದಿತ್ತು, ಮೇಲಿನ ಸ್ವರಕ್ಕೆ ಹೋಗಿ ಹೋಗಿ ಜಾರಿ ಬೀಳುತ್ತಿತ್ತು. ಆದರೂ ಬಿಡಲಿಲ್ಲ, ತಂತಿ ಕಡಿದಾಗ ಬಿಡಲಿಲ್ಲವಲ್ಲ ಹಾಗೆ. ಮಧ್ಯದಲ್ಲಿ ಜೇಬಿನ ಫೋನು ನೆನಪಾಗಿ, "ರೆಕಾರ್ಡ್ ಮಾಡ್ಕೊಳ್ಳಾ?" ಅಂತ ಕೇಳಿದೆ.

"ನೀನು ಮುಟ್ಟಬೇಡಪ್ಪ" ಅಂದ. "ಒಂದು ಹಾಡಾದ್ರೂ ಇದ್ದ ಹಾಗೆ ಇರ್ಲಿ."

ಕೊನೇ ಸಾಲಿಗೆ ಸರಿಯಾಗಿ ಸೈರನ್ ಕೂಗಿತು. ಅವನೂ ಸೈರನ್ನೂ ಒಂದೇ ಶ್ರುತಿಯಲ್ಲಿದ್ದರು. ಅದು ನಿಲ್ಲೋವರೆಗೂ ಎಳೆದ.

ಫೆಬ್ರವರಿ 20, ಗುರುವಾರ

ಏಳು ಗಂಟೆ ಆಪರೇಷನ್. ಆಯಿತು. ಬದುಕಿದ್ದಾನೆ. ಒಳಗೆ ಹೋಗುವಾಗ ಅಕ್ಕನಿಗೆ ಹೇಳಿದ ಕೊನೇ ಮಾತು: "ಪೆಟ್ಟಿಗೆ ತೊಳ್ದಿಡು, ಜರ್ಕಿ ಟೇಪಿನ ವಾಸನೆ ಹೊಡಿಯತ್ತೆ."

ಮಾರ್ಚ್ 8, ಶನಿವಾರ

ಡೆಲ್ ಆಸ್ಪತ್ರೆಯಿಂದ ತನ್ನ ಮನೆಗೆ ಬಂದಿದ್ದಾನೆ. ಕತ್ತಿನಲ್ಲಿ ಉಸಿರಾಡೋಕೆ ತೂತು. ಒಂದು ಬಿಳಿ ಹಲಗೆ ಇಟ್ಟುಕೊಂಡು ಬರೆದು ತೋರಿಸುತ್ತಾನೆ. ಮೊದಲೂ ಅವನ ಅಕ್ಷರ ಕೋಳಿ ಕೆದಕಿದ ಹಾಗೆ, ಈಗಂತೂ ನಾನೂ ನೋರೀನೂ ಸೇರಿ ಓದಬೇಕು. ತಪ್ಪು ಓದಿದರೆ ಹಲಗೆಯಲ್ಲೇ ಹೊಡೆಯುತ್ತಾನೆ.

ಯೆಸೇನಿಯಾ ಬಂದಿದ್ದಳು. ಡೆಲ್ ಬರೆದ: "ಇವಳಿಗೆ ಗೊತ್ತು. ಮುಖ ನೋಡಿದ್ರೆ ಗೊತ್ತಾಗತ್ತೆ." ಹುಡುಗಿ ಕೆಂಪಾದಳು. ನಾನು ಸೈರನ್ ಕತೆ ಪೂರ್ತಿ ಹೇಳಿದೆ. ಡೆಲ್ ಸದ್ದಿಲ್ಲದೆ ನಕ್ಕ, ಹೆಗಲು ಮಾತ್ರ ಕುಲುಕಿತು. ಆಮೇಲೆ ಹೀಗೆ ಬರೆದ, ನಾನು ಹಾಗೇ ನಕಲು ಮಾಡಿಕೊಂಡಿದ್ದೇನೆ: "ನಿಧಾನದ್ದು ಊರಿಗೆ. ಬೇಗದ್ದು ಮನೆಗೆ. ಬೇಗದ್ದು ಒಂದೇ ಪ್ರತಿ, ನೋರೀನ್‌ಗೆ."

ಯಾವುದನ್ನೂ ಒರೆಸಬೇಡಿ, ಕೆಮ್ಮು, ಪೆಡಲಿನ ಕಿರುಗುಟ್ಟು ಎಲ್ಲ ಇರಲಿ ಅಂತ ನಾನು ಯೆಸೇನಿಯಾಗೆ ಖಡಾಖಂಡಿತವಾಗಿ ಹೇಳಿದೆ. ನಮ್ಮ ರೆಕಾರ್ಡಿಗೆ ಯಾರೂ ಪೌಡರ್ ಹಚ್ಚೋದು ಬೇಡ. "ಮುಟ್ಟೋದಿಲ್ಲ ಸರ್" ಅಂದಳು.

ಅವನ ಫರ್ನೇಸಿನ ಫಿಲ್ಟರ್ ಬದಲಾಯಿಸಿ ಬಂದೆ, ಈ ಸಲ ನಿಜವಾಗಲೂ ಬದಲಾಯಿಸೋ ಕಾಲ ಬಂದಿತ್ತು.

ಏಪ್ರಿಲ್ 12, ಶನಿವಾರ

ಬೆಳಗ್ಗೆ ಹೊಸ ಕವರಿನ ಮಾದರಿ ಅಂಚೆಯಲ್ಲಿ ಬಂತು. ಅದೇ ಕಪ್ಪು ಬಿಳುಪಿನ ಉಗ್ರಾಣದ ಬಾಗಿಲು. ಹಿಂಬದಿಯಲ್ಲಿ ಹೆಸರುಗಳು. ಗಿಟಾರು ಮತ್ತು ದನಿ, ಡೆಲ್ಬರ್ಟ್ ಪಾಫನ್‌ಬರ್ಗರ್. ಬೇಸು, ಹೋಮರ್ ಶಿಫ್ಲೆಟ್. ಡ್ರಮ್ಮು, ರೂಡಿ ಗ್ರಾಸ್‌ನಿಕಲ್. ಅದರ ಕೆಳಗೆ ನಾಲ್ಕನೇ ಸಾಲು: ಜನರೇಟರು, ಆರ್ವಿಲ್ ಸ್ಟಾಟಲ್‌ಮೈಯರ್.

ಕನ್ನಡಕ ಒರೆಸಿ ನನ್ನ ಹೆಸರನ್ನು ಮತ್ತೆ ಓದಿದೆ. ನೋರೀನ್ ಫೋನಿನಲ್ಲಿ ಯೆಸೇನಿಯಾಳನ್ನು ಕೇಳಿದಳು, ಇದು ಯಾರ ತಲೆಗೆ ಹೊಳೆದದ್ದು ಅಂತ. ಡೆಲ್ ಚೀಟಿ ಬರೆದು ಕಳಿಸಿದ್ದನಂತೆ, ಆ ಸಾಲಿಲ್ಲದೆ ಒತ್ತಿಸಿದರೆ ಬಂದು ನಿಮ್ಮ ಆಫೀಸಿನ ಮುಂದೆ ಹಿಮ ಸುರಿಯುತ್ತೇನೆ ಅಂತ.

ಮಧ್ಯಾಹ್ನ ಡೆಲ್ ಮನೆಗೆ ಹೋದೆ. ನೋರೀನ್ ಪಾಟ್‌ಪೈ ಕಟ್ಟಿಕೊಟ್ಟಿದ್ದಳು. ಡೆಲ್ ಬಾಗಿಲಲ್ಲೇ ನಿಂತಿದ್ದ, ಕೈಯಲ್ಲಿ ಹಲಗೆ ಇರಲಿಲ್ಲ. ಬದಲಿಗೆ ಟಾರ್ಚಿನ ಗಾತ್ರದ ಒಂದು ಉಪಕರಣ. ಅದನ್ನು ಕತ್ತಿಗೆ ಒತ್ತಿ ತುಟಿ ಅಲ್ಲಾಡಿಸಿದರೆ ಅದು ಗುಂಯ್ ಅಂತ ಮಾತಾಗುತ್ತೆ. ಆಸ್ಪತ್ರೆಯವರು ಕೊಟ್ಟದ್ದು, ಹೋದ ವಾರವೆಲ್ಲ ಅಭ್ಯಾಸ ಮಾಡಿದ್ದಾನೆ, ನಮಗೆ ಹೇಳದೆ.

ಒತ್ತಿದ. ಏರಿಳಿತ ಇಲ್ಲದ ಒಂದೇ ಸದ್ದು, ಅದರೊಳಗಿನಿಂದ ಒಂದೊಂದೇ ಮಾತು.

"ಭಾವ. ಮತ್ತೆ ಜನರೇಟರು ತಂದು ಕೂರ್ಸಿದಾರೆ ನೋಡು."

ನನಗೆ ನಗು ಬಂತು, ಅಳುವೂ ಬಂತು, ಪಾಟ್‌ಪೈ ಕೆಳಗಿಟ್ಟೆ. ಅವನು ಉಪಕರಣವನ್ನು ನನ್ನ ಕೈಗಿಟ್ಟು ಅದರ ಬುಡದಲ್ಲಿದ್ದ ಒಂದು ಪುಟ್ಟ ತಿರುಪನ್ನು ತೋರಿಸಿದ. ದನಿ ಏ‍ರಿಸೋಕೆ ಇಳಿಸೋಕೆ ಇರೋದು. ಅಂಗಿಯ ಜೇಬಿನಲ್ಲಿ ಸ್ಕ್ರೂಡ್ರೈವರ್ ಇತ್ತು, ಯಾವಾಗಲೂ ಇರುತ್ತೆ. ಎಷ್ಟು ಬೇಕು, ಮೇಲಕ್ಕಾ ಕೆಳಕ್ಕಾ ಅಂತ ಕೇಳಿದೆ. ಬೆರಳು ಕೆಳಗೆ ತೋರಿಸಿದ. ಕಾಲು ಸುತ್ತು ತಿರುಗಿಸಿ ಕೊಟ್ಟೆ. ಕತ್ತಿಗೆ ಒತ್ತಿ ನೋಡಿದ, ತಲೆಯಾಡಿಸಿದ.

"ಇನ್ನೂ ಇಳಿಸು" ಅಂದ. "ಜನಕ್ಕೆ ಅದೇ ಅಭ್ಯಾಸ."